ಮನುಷ್ಯರನ್ನು ಬಿಟ್ಟು ಹೊಲ ಹಿಡಿದೆ: ಶೇತಸನದಿ ಅಡ್ಡಹೆಸರಿನ ಬೆನ್ನು ಹತ್ತಿದ ನನ್ನ ಅನುಭವ

ನಾಲ್ಕು ವರ್ಷ ಹಿಡಿಯಿತು. ಖರ್ಚು 70 ಸಾವಿರದ ಹತ್ತಿರ ಹೋಗಿರಬೇಕು, ಬಸ್ಸು, ಊಟ ಎಲ್ಲ ಸೇರಿ. ಆದರೆ ಇವತ್ತು ನಮ್ಮ ಅಡ್ಡಹೆಸರು ಹೇಗೆ ಹುಟ್ಟಿತು, ಈಗ ಎಲ್ಲೆಲ್ಲಿ ಉಳಿದಿದೆ ಅಂತ ಯಾರು ಕೇಳಿದರೂ ಕಾಗದ ಮುಂದಿಟ್ಟು ತೋರಿಸುತ್ತೇನೆ. ಇದು ಆಗುವ ಕೆಲಸವಲ್ಲ ಅಂದವರು ಬಹಳ ಜನ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಅಡ್ಡಹೆಸರು ಶೇತಸನದಿ. ಬೆಳಗಾವಿ ಕಡೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಶೇತ ಅಂದರೆ ಮರಾಠಿಯಲ್ಲಿ ಹೊಲ. ಸನದು ಅಂದರೆ ಅಪ್ಪಣೆ ಪತ್ರ. ಊರು ಕಾಯುವುದು, ಕಂದಾಯದ ರೊಕ್ಕ ಕಚೇರಿಗೆ ಹೋಗುವಾಗ ಬೆಂಗಾವಲಿಗೆ ಹೋಗುವುದು, ಕರೆ ಬಂದರೆ ದಂಡಿಗೆ ನಿಲ್ಲುವುದು, ಇದು ಶೇತಸನದಿಯ ಚಾಕರಿ. ಸಂಬಳದ ಬದಲು ಹೊಲ.

ಇಷ್ಟು ಸರಳ ಅಲ್ವಾ? ಆದರೆ ನಮ್ಮ ಮನೆಯಲ್ಲೇ ಯಾರೂ ಒಪ್ಪಲಿಲ್ಲ. ಒಬ್ಬರು ಇದು ಶ್ವೇತದಿಂದ ಬಂದದ್ದು ಅಂದರು, ನಮ್ಮವರು ಬಿಳಿ ಕುದುರೆ ಏರುತ್ತಿದ್ದರಂತೆ. ಇನ್ನೊಬ್ಬರು ಇದು ಮೊದಲು ಶೆಟ್ಟಿ ಸನದಿ ಇತ್ತು ಅಂದರು. ಮೂರನೆಯವರದು ಎಲ್ಲಕ್ಕಿಂತ ಜಾಸ್ತಿ ತೊಂದರೆ ಕೊಟ್ಟ ಮಾತು: ಸನದಿ ಅಂದರೆ ಸನಾದಿ, ಮದುವೆಯಲ್ಲಿ ಊದುವ ವಾದ್ಯ. ಅದರ ಕಥೆ ಮುಂದೆ ಹೇಳುತ್ತೇನೆ.

ಕಾಕಾ ಮಾತ್ರ ಚಾಕರಿಯ ಹೆಸರು ಅಂತ ಒಪ್ಪಿದರು. ಆದರೆ ಒಂದು ಹೆಜ್ಜೆ ಮುಂದೆ ಹೋದರು. ಸಂಗೊಳ್ಳಿ ರಾಯಣ್ಣ ಕಿತ್ತೂರಿನ ಶೇತಸನದಿ, ನಾವೂ ಶೇತಸನದಿ, ಅಂದ ಮೇಲೆ ನಾವು ಅವನ ವಂಶದವರೇ ಅಂದರು. ರಾಯಣ್ಣನ ಹೆಸರು ಬಂದರೆ ನನಗೂ ಮೈ ಜುಮ್ಮೆನ್ನುತ್ತದೆ. ಅವನ ಮನೆತನದ ರಕ್ತಮಾನ್ಯದ ಹೊಲಕ್ಕೆ, ಅಂದರೆ ಕಾಳಗದಲ್ಲಿ ರಕ್ತ ಸುರಿಸಿದ್ದಕ್ಕೆ ಬಂದ ಹೊಲಕ್ಕೆ, ಕೈ ಹಾಕಿದ್ದರಿಂದಲೇ ಅವನ ಸಿಟ್ಟು ಕೆರಳಿತು ಅಂತ ನಮ್ಮ ಕಡೆ ಇವತ್ತಿಗೂ ಹೇಳುತ್ತಾರೆ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ. ಆದರೆ ಶೇತಸನದಿ ಅವನೊಬ್ಬನೇ ಅಲ್ಲ. ಎಷ್ಟೋ ಊರುಗಳಲ್ಲಿ, ಎಷ್ಟೋ ಮನೆಗಳಲ್ಲಿ ಶೇತಸನದಿಗಳಿದ್ದರು. ಹೆಮ್ಮೆ ಪಡೋಣ, ಕಾಗದ ಇಲ್ಲದೆ ರಕ್ತಸಂಬಂಧ ಹೇಳೋದು ಬೇಡ ಅಂದೆ. ಕಾಕಾ 2 ತಿಂಗಳು ಮಾತು ಬಿಟ್ಟರು.

ಮೊದಲು ಎಲ್ಲರ ಹಾಗೆ ಮತದಾರರ ಪಟ್ಟಿ ಹಿಡಿದೆ. ಬೆಳಗಾವಿ ಜಿಲ್ಲೆಯ 18 ವಿಧಾನಸಭಾ ಕ್ಷೇತ್ರ, ವಿಜಯಪುರದ 8, ಬಾಗಲಕೋಟೆಯ 7, ಧಾರವಾಡದ 7. ಒಟ್ಟು 40. ಒಂದೊಂದು ಕ್ಷೇತ್ರಕ್ಕೂ ನೂರಾರು ಭಾಗ. ಕಂಪ್ಯೂಟರಿನಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ, ಅಕ್ಷರ ಕಾಪಿ ಮಾಡಿದರೆ ಚಿತ್ರವಿಚಿತ್ರ ಗುರುತುಗಳು ಬರುತ್ತವೆ. ಕಣ್ಣಿಂದಲೇ ಓದಬೇಕು. ಕಾಲೇಜಿನ ಇಬ್ಬರು ಹುಡುಗರಿಗೆ ದಿನಕ್ಕೆ 400ರಂತೆ ಕೊಟ್ಟು ಒಂದು ಬೇಸಿಗೆ ಓದಿಸಿದೆ. 18 ಸಾವಿರ ಹೋಯಿತು.

ಬಂದದ್ದೇನು? ಶೇತಸನದಿ, ಶೆತಸನದಿ, ಸೇತಸನದಿ, ಶೇಟಸನದಿ, ಶೇತಸಂದಿ. ಒಂದೇ ಮನೆಯಲ್ಲಿ ಅಪ್ಪನದು ಒಂದು ರೀತಿ, ಮಗನದು ಇನ್ನೊಂದು ರೀತಿ. ಅರ್ಧಕ್ಕರ್ಧ ಜನ ಮುಂದಿನ ತುಂಡು ಬಿಟ್ಟು ಬರೀ ಸನದಿ ಆಗಿದ್ದಾರೆ. ಅಲ್ಲಿಗೆ ವಾದ್ಯದ ಗೊಂದಲ ಶುರುವಾಯಿತು. ಕನ್ನಡದಲ್ಲಿ ಸನದಿ ಬೇರೆ, ಸನಾದಿ ಬೇರೆ, ನಡುವೆ ಒಂದು ದೀರ್ಘ ಇದೆ. ಇಂಗ್ಲಿಷಿಗೆ ಹೋದ ತಕ್ಷಣ ಎರಡೂ ಒಂದೇ. ಇಂಗ್ಲಿಷಿನಿಂದ ತಿರುಗಿ ಕನ್ನಡಕ್ಕೆ ತಂದವರು ದೀರ್ಘವನ್ನು ಮನಸ್ಸಿಗೆ ಬಂದ ಕಡೆ ಹಾಕಿದ್ದಾರೆ. ಆ ಪಟ್ಟಿಯಿಂದ ನಕ್ಷೆ ಬರೆದರೆ ಊದುವವರೂ ಕಾಯುವವರೂ ಒಂದೇ ಬಣ್ಣದಲ್ಲಿ ಕೂರುತ್ತಾರೆ. ನಾನು ಹಾಗೆ ಬರೆದ ಮೊದಲ ನಕ್ಷೆ ಹರಿದು ಹಾಕಿದೆ.

ಆಮೇಲೆ ಹೆಳವರು, ಅಂದರೆ ಮನೆತನಗಳ ವಂಶಾವಳಿ ನೆನಪಿಟ್ಟು ಹೇಳುವವರು. ಸುಗ್ಗಿ ಮುಗಿದ ಮೇಲೆ ನಮ್ಮ ಊರಿಗೆ ಎತ್ತು ಏರಿ ಬರುವ ಹೆಳವರಿಗೆ ಒಂದು ಚೀಲ ಜೋಳ, 2 ಸಾವಿರ ರೂಪಾಯಿ ಕೊಟ್ಟು ಕೂರಿಸಿದೆ. ಅವರ ನೆನಪು ದೊಡ್ಡದು, ಕೈ ಮುಗಿಯಬೇಕು. 7 ತಲೆಮಾರು ನಿಲ್ಲದೆ ಹೇಳಿದರು. ಬೆಡಗು, ಅಂದರೆ ಕುಲದ ಒಳಗಿನ ಬಳಿ, ಹೇಳಿದರು, ಮೂಲ ಊರು ಹೇಳಿದರು, ಯಾವ ಸೊಸೆ ಎಲ್ಲಿಂದ ಬಂದಳು ಅಂತಲೂ ಹೇಳಿದರು. ಆದರೆ ಅಡ್ಡಹೆಸರು ಒಮ್ಮೆಯೂ ಬರಲಿಲ್ಲ. ಅವರ ಲೆಕ್ಕದಲ್ಲಿ ನಾವು ಬೆಡಗಿನವರು, ಸನದಿಯವರಲ್ಲ. ಆಗ ಬೇಜಾರಾಯಿತು. ಈಗ ನೋಡಿದರೆ ಅದೇ ದೊಡ್ಡ ಸುಳಿವು. ಅಡ್ಡಹೆಸರು ವಂಶದ್ದಲ್ಲ, ಆಮೇಲೆ ಅಂಟಿಕೊಂಡದ್ದು ಅಂತ ಅವರು ಹೇಳದೆಯೇ ಹೇಳಿದ್ದರು.

ಪುಣೆಗೆ 2 ಸಲ ಹೋದೆ. ಅಲ್ಲಿನ ಹಳೆಯ ದಾಖಲೆಗಳ ಸಂಗ್ರಹವಾದ ಪೇಶ್ವೆ ದಫ್ತರದ ಕಾಗದಗಳು ಬಟ್ಟೆಯಲ್ಲಿ ಕಟ್ಟಿದ ರುಮಾಲುಗಳಲ್ಲಿ ಇರುತ್ತವೆ. ಮೊದಲ ಸಲ ಯಾವ ರುಮಾಲು ಕೇಳಬೇಕು ಅಂತಲೇ ತಿಳಿಯದೆ ಹೋಗಿದ್ದೆ, 3 ದಿನ ಸುಮ್ನೆ ಕಳೆಯಿತು. ಎರಡನೇ ಸಲ ಮೋಡಿ, ಅಂದರೆ ಮರಾಠಿಯ ಹಳೆಯ ಲಿಪಿ, ಓದುವವರನ್ನು ಜೊತೆಗೆ ಕರೆದುಕೊಂಡು ಹೋದೆ. ಪುಟಕ್ಕೆ 300 ರೂಪಾಯಿ. ಮೋಡಿಯಲ್ಲಿ ಪದಗಳ ನಡುವೆ ಜಾಗ ಇರುವುದಿಲ್ಲ, ಮೇಲಿನ ಗೆರೆ ಒಂದೇ ಸಮನೆ ಹರಿಯುತ್ತದೆ. 40 ಪುಟ ಓದಿಸಿದ ಮೇಲೆ ಶೇತಸನದಿ ಶಬ್ದ 11 ಸಲ ಸಿಕ್ಕಿತು. ಎಲ್ಲವೂ ಚಾಕರಿಯ ಅರ್ಥದಲ್ಲಿ. ಒಂದೂ ಅಡ್ಡಹೆಸರಾಗಿ ಅಲ್ಲ.

ನಡುವೆ ಡಿಎನ್‌ಎ ಪರೀಕ್ಷೆ ಕೂಡ ಮಾಡಿಸಿದೆ. ನಂದು, ಸವದತ್ತಿ ಕಡೆಯ ಇನ್ನೊಂದು ಶೇತಸನದಿ ಮನೆಯವರದು. ಇಬ್ಬರದೂ ಸೇರಿ 17 ಸಾವಿರ. ಗಂಡು ರೇಖೆ ಹೊಂದಲೇ ಇಲ್ಲ. ದುಡ್ಡು ದಂಡ ಅಂತ ಎಲ್ಲರೂ ಅಂದರು. ನನಗೆ ಹಾಗನ್ನಿಸಲಿಲ್ಲ. ಒಂದೇ ಅಡ್ಡಹೆಸರು, ಬೇರೆ ರಕ್ತ. ಹೆಳವರು ಕೊಟ್ಟ ಸುಳಿವಿಗೆ ಇದು ಎರಡನೇ ಸಾಕ್ಷಿ. ಮೂರನೆಯದು ಕಣ್ಣ ಮುಂದೇ ಇತ್ತು. ಕವಿ ಬಿ.ಎ. ಸನದಿ ಹುಟ್ಟಿದ್ದು ಬೆಳಗಾವಿ ತಾಲ್ಲೂಕಿನ ಶಿಂದೊಳ್ಳಿಯಲ್ಲಿ, ಮುಸ್ಲಿಂ ಮನೆತನದಲ್ಲಿ. ನಮ್ಮ ಪಕ್ಕದ ತಾಲ್ಲೂಕಿನಲ್ಲಿ ಸನದಿಗಳು ಹಿಂದೂಗಳು, ಅವರಲ್ಲೂ ಬೇರೆ ಬೇರೆ ಜಾತಿ. ಪಾಟೀಲ, ದೇಸಾಯಿ ಹೆಸರುಗಳಂತೆ ಇದೂ ಜಾತಿ ಧರ್ಮ ದಾಟಿದ ಹೆಸರು.

ಆಗ ನಿರ್ಧಾರ ಮಾಡಿದೆ. ಮನುಷ್ಯರ ಬೆನ್ನು ಹತ್ತುವುದು ಬೇಡ, ಹೊಲದ ಬೆನ್ನು ಹತ್ತೋಣ. ಸನದಿನ ಹೊಲ ಎಲ್ಲಿತ್ತೋ ಅಲ್ಲಿ ಹೆಸರು ಹುಟ್ಟಿರಬೇಕು. ಹೊಲ ಓಡಿಹೋಗುವುದಿಲ್ಲ, ಕಾಗುಣಿತ ತಪ್ಪಿದರೂ ಸರ್ವೆ ನಂಬರ್ ತಪ್ಪುವುದಿಲ್ಲ. ಈ ಕೆಲಸದಲ್ಲಿ ನನಗಿಂತ ಹಳಬರು ಬೇಡ ಅಂದರು. ಅಡ್ಡಹೆಸರು ಹುಡುಕುವವರು ಯಾರಾದರೂ ಹೊಲದ ಉತಾರ (ಪಹಣಿ) ನೋಡುತ್ತಾರೇನು ಅಂತ ಕೇಳಿದರು.

ಬಾಗಿಲು ತೆರೆದದ್ದು ಕರ್ನಾಟಕ ಗ್ರಾಮ ಕಚೇರಿಗಳ ರದ್ದತಿ ಕಾಯಿದೆ. 1961ರದು, ಜಾರಿಗೆ ಬಂದದ್ದು 1963ರ ಫೆಬ್ರವರಿ 1ಕ್ಕೆ. ವತನದ ಹೊಲಗಳನ್ನು, ಅಂದರೆ ಊರ ಚಾಕರಿಗೆ ಕೊಟ್ಟ ಹೊಲಗಳನ್ನು, ಸರ್ಕಾರ ಹಿಂದಕ್ಕೆ ತೆಗೆದುಕೊಂಡು ಅದೇ ಮನೆಯವರಿಗೆ ಮರುಮಂಜೂರು ಮಾಡಿತು. ಆ ಆದೇಶಗಳಲ್ಲಿ ಹೊಲ ಇದೆ, ಹಿಡಿದವರ ಹೆಸರಿದೆ, ಯಾವ ಚಾಕರಿಗೆ ಬಂದ ಹೊಲ ಅಂತಲೂ ಇದೆ. ಮೂರೂ ಒಂದೇ ಸಾಲಿನಲ್ಲಿ! ಅದನ್ನು ಮೊದಲ ಸಲ ನೋಡಿದ ದಿನ ನಾನು ಊಟ ಮರೆತೆ.

ಒಂದು ತಾಲ್ಲೂಕು ಕಚೇರಿಯಲ್ಲಿ 9 ಸಲ ಓಡಾಡಿಸಿದರು. ಕೀಲಿ ಇಲ್ಲ, ಸಿಬ್ಬಂದಿ ಇಲ್ಲ, ಗೆದ್ದಲು ತಿಂದಿದೆ. ಮಾಹಿತಿ ಹಕ್ಕಿನ ಅರ್ಜಿ ಹಾಕಿದ ಮೇಲೆ ಗೆದ್ದಲು ತಿನ್ನದ ಕಟ್ಟುಗಳೇ ಹೊರಬಂದವು. ರಿಜಿಸ್ಟರಿನಲ್ಲಿ ಯಾವ ಕಾಲಂ ಮೊದಲು ನೋಡಿದರೆ ಸನದಿನ ಹೊಲ 10 ನಿಮಿಷದಲ್ಲಿ ಗೊತ್ತಾಗುತ್ತದೆ ಅನ್ನುವುದು ನನಗೆ ಕೊನೆಗೆ ಹೊಳೆಯಿತು. ಅದನ್ನು ಇಲ್ಲಿ ಹೇಳುವುದಿಲ್ಲ. ಇನ್ನೆರಡು ಅಡ್ಡಹೆಸರುಗಳ ಮೇಲೆ ಅದೇ ಪ್ರಯೋಗ ನಡೆಸಿದ್ದೇನೆ, ಅವು ಮುಗಿಯಲಿ.

ಈಗ ನನ್ನ ಮನಸ್ಸಿನಲ್ಲಿ ಅಚ್ಚೊತ್ತಿದ 3 ಹಾಳೆಗಳ ವಿಷಯ. ಬೈಲಹೊಂಗಲ ಕಡೆಯ ಒಂದು ಊರಿನ ಹಳೆಯ ಕಟ್ಟು, ಒಂದೇ ಹೊಲದ್ದು, ಬೇರೆ ಬೇರೆ ಕಾಲದ್ದು. ಮೊದಲನೆಯದು ಮೋಡಿಯಲ್ಲಿದೆ. ಹೆಸರಿನ ಕಾಲಮಿನಲ್ಲಿ ಇಂಥವ ಬಿನ್ ಇಂಥವ ಅಂತ ಮಾತ್ರ, ಬಿನ್ ಅಂದರೆ ಮಗ. ಕೆಂಪು ಗೆರೆ. ಗೆರೆಯ ಆಚೆ, ಚಾಕರಿಯ ಕಾಲಮಿನಲ್ಲಿ, ಶೇತಸನದಿ. ಎರಡನೆಯದು ಕನ್ನಡದ್ದು, 1890ರ ಆಸುಪಾಸು. ಅವನ ಮಗನ ಹೆಸರು, ಬಿನ್, ಅಪ್ಪನ ಹೆಸರು, ಆಮೇಲೆ ಸ್ವಲ್ಪ ಜಾಗ ಬಿಟ್ಟು ಶೇತಸನದಿ. ಕೊನೆಯ ಅಕ್ಷರ ಕೆಂಪು ಗೆರೆಯ ಮೇಲೆಯೇ ಕೂತಿದೆ, ಅತ್ತಲೂ ಅಲ್ಲ ಇತ್ತಲೂ ಅಲ್ಲ. ಮೂರನೆಯದು ಮೊಮ್ಮಗನದು. ಅಲ್ಲಿ ಶೇತಸನದಿ ಹೆಸರಿನ ಕಾಲಮಿನಲ್ಲಿ ಹೆಸರಿಗೆ ಅಂಟಿಕೊಂಡೇ ಇದೆ. ಚಾಕರಿಯ ಕಾಲಮಿನಲ್ಲಿ ಬರೀ 'ಸದರ', ಅಂದರೆ ಮೇಲೆ ಹೇಳಿದ್ದೇ, ಅಂತ ಬರೆದಿದ್ದಾರೆ.

ಬೆರಳಿಟ್ಟು ಆ ಗೆರೆ ಮುಟ್ಟಿದೆ. ನಮ್ಮ ಹೆಸರು ಅಲ್ಲಿ ಹುಟ್ಟಿತ್ತು. ಅಜ್ಜನಿಗೆ ಕೆಲಸವಾಗಿದ್ದು ಮೊಮ್ಮಗನಿಗೆ ಮನೆತನವಾಯಿತು. ಆಮೇಲೆ 6 ಊರುಗಳಲ್ಲಿ ಇದೇ ಸರಿದಾಟ ಕಂಡೆ. ಹೆಚ್ಚು ಕಮ್ಮಿ ಅದೇ 30, 40 ವರ್ಷಗಳ ಒಳಗೆ.

ಹೊಲದ ಪಟ್ಟಿ ಕೈಗೆ ಬಂದ ಮೇಲೆ ಹರಿದು ಹಾಕಿದ ನಕ್ಷೆಯನ್ನು ಮತ್ತೆ ಬರೆದೆ. ಮತದಾರರ ಪಟ್ಟಿಯಲ್ಲಿ ಸನದಿ ಅಂತ ಇದ್ದ ಊರಿನಲ್ಲಿ ಸನದಿನ ಹೊಲ ಇದೆಯೇ ಅಂತ ನೋಡುವುದು. ಇದ್ದರೆ ನಮ್ಮವರು. ಇಲ್ಲದಿದ್ದರೆ ಬದಿಗೆ. ವಾದ್ಯದವರು ತಾವಾಗಿಯೇ ಬೇರೆಯಾದರು. ಉಳಿದದ್ದು ಎಲ್ಲ ಕಾಗುಣಿತ ಸೇರಿ ಸುಮಾರು 400 ಮನೆ. ಅರ್ಧಕ್ಕಿಂತ ಜಾಸ್ತಿ ಬೆಳಗಾವಿ ಜಿಲ್ಲೆಯಲ್ಲೇ, ಅದರಲ್ಲೂ ಬೈಲಹೊಂಗಲ, ಸವದತ್ತಿ, ಗೋಕಾಕ, ಹುಕ್ಕೇರಿ ಕಡೆ. ಆಮೇಲೆ ಧಾರವಾಡ, ಬಾಗಲಕೋಟೆ. ವಿಜಯಪುರದ ಇಂಡಿ ದಾಟಿ ಪೂರ್ವಕ್ಕೆ ಹೋದರೆ ನನ್ನ ಚುಕ್ಕೆಗಳು ತಟ್ಟನೆ ನಿಲ್ಲುತ್ತವೆ.

ಯಾಕೆ ನಿಲ್ಲುತ್ತವೆ? ಅಲ್ಲಿಂದ ಆಚೆ ನಿಜಾಮರ ಸೀಮೆ. ಅಲ್ಲಿ ಇದೇ ಚಾಕರಿಗೆ ಸೇತ್‌ಸಿಂಧಿ ಅನ್ನುತ್ತಿದ್ದರು. ತೆಲಂಗಾಣದಲ್ಲೂ ಅದೇ ಮಾತು. ಶಬ್ದ ಒಂದೇ, ನಾಲಿಗೆ ಬೇರೆ. ಆದರೆ ನಾನು ಸುತ್ತಿದ ಕಲಬುರಗಿ ಕಡೆಯ ಹಳ್ಳಿಗಳಲ್ಲಿ ಅದು ಚಾಕರಿಯ ಹೆಸರಾಗಿಯೇ ಉಳಿದಿದೆ, ಕೆಂಪು ಗೆರೆ ದಾಟಿಲ್ಲ. ಆಗ ನಮ್ಮ ಕಡೆ ಇದ್ದ ಮುಂಬಯಿ ಸರ್ಕಾರದ ಕಾಗದದ ರೀತಿ ಬೇರೆ, ಹೈದರಾಬಾದಿನದು ಬೇರೆ. ಅದೇ ಕಾರಣ ಅಂತ ನನ್ನ ಗಟ್ಟಿ ನಂಬಿಕೆ. 1956ರಲ್ಲಿ ಎರಡೂ ಸೀಮೆ ಒಂದೇ ರಾಜ್ಯಕ್ಕೆ ಬಂದವು, ಆದರೆ ನಮ್ಮ ಅಡ್ಡಹೆಸರಿನ ನಕ್ಷೆಯಲ್ಲಿ ಆ ಹಳೆಯ ಗಡಿ ಇನ್ನೂ ಹಾಗೇ ಕಾಣುತ್ತದೆ.

ಬೆಂಗಳೂರಿನದು ಬೇರೆಯೇ ಕಥೆ. ಅಲ್ಲಿ ಹೋದ ಮನೆಗಳ ಎರಡನೇ ತಲೆಮಾರಿಗೆ ಅಡ್ಡಹೆಸರು ಒಂದು ಇನಿಶಿಯಲ್ ಆಗಿ ಕುಗ್ಗುತ್ತದೆ. 'ಎಸ್' ಅಂತ ಒಂದೇ ಅಕ್ಷರ. ಯಾವ ಪಟ್ಟಿಯಲ್ಲೂ ಹುಡುಕಲು ಸಾಧ್ಯವಿಲ್ಲ. ಅವರನ್ನು ಮದುವೆ ಕರೆಯೋಲೆಗಳಿಂದ ಹಿಡಿದೆ. ಊರ ಹೆಸರು ಅದರಲ್ಲಿ ತಪ್ಪದೆ ಇರುತ್ತದೆ. 35 ಮನೆ ಸಿಕ್ಕವು.

ಒಂದು ಅಡ್ಡ ಪ್ರಯೋಗವನ್ನೂ ಹೇಳಿಬಿಡುತ್ತೇನೆ. ಕಾರ ಹುಣ್ಣಿಮೆಗೆ ಎತ್ತು ಓಡಿಸಿ ಕರಿ ಹರಿಯುವಾಗ ಊರಲ್ಲಿ ಯಾರಿಗೆ ಯಾವ ಮಾನ ಅಂತ ಇರುತ್ತದಲ್ಲ, ಅದನ್ನು 4 ಊರಲ್ಲಿ ಬರೆದುಕೊಂಡೆ. ಕಾಗದ ಪೂರ್ತಿ ಗೆದ್ದಲು ಪಾಲಾದ ಒಂದು ಊರಲ್ಲಿ ಗೌಡರ ಎತ್ತಿನ ಹಿಂದೆ ಬಡಿಗೆ ಹಿಡಿದು ನಡೆಯುವ ಮಾನ ಇವತ್ತಿಗೂ ಒಂದು ಮನೆಗಿದೆ. ಅವರ ಅಡ್ಡಹೆಸರು ಈಗ ಬೇರೆ. ಅವರ ಹೊಲಕ್ಕೆ ಮಾತ್ರ ಊರವರೆಲ್ಲ ಸನದಿ ಹೊಲ ಅನ್ನುತ್ತಾರೆ. ಹೆಸರು ಹೋದರೂ ಮಾನ, ಹೊಲ ಎರಡೂ ಉಳಿದಿವೆ. ಇಂಥ ಊರು ಇನ್ನೆಷ್ಟಿವೆಯೋ, ಮುಂದಿನ ಕಾರ ಹುಣ್ಣಿಮೆಗೆ 10 ಊರು ಹಾಕಿಕೊಂಡಿದ್ದೇನೆ. ವಾಲೀಕಾರ ಅಡ್ಡಹೆಸರಿನ ಮೇಲೂ ಹೊಲದ ಹಾದಿ ಹಿಡಿದು ನೋಡಿದೆ. 3 ಊರಲ್ಲಿ ಕೆಲಸ ಮಾಡಿತು, ಒಂದರಲ್ಲಿ ಮಾಡಲಿಲ್ಲ.

ಉಳಿದದ್ದು ಚಂದಗಡ. 1956ರವರೆಗೆ ಅದು ಬೆಳಗಾವಿ ಜಿಲ್ಲೆಯ ತಾಲ್ಲೂಕು, ಆಮೇಲೆ ಕೊಲ್ಹಾಪುರಕ್ಕೆ ಹೋಯಿತು. ಅಲ್ಲಿ ನಮ್ಮ ಮರುಮಂಜೂರು ಕಡತ ಇಲ್ಲ, ಮಹಾರಾಷ್ಟ್ರದ ಉತಾರವಾದ ಸಾತಬಾರಾ ನೋಡಬೇಕು, ಮರಾಠಿಯಲ್ಲಿ ಅರ್ಜಿ ಬರೆಯಬೇಕು. ಕಾಕಾನಿಗೆ ಮರಾಠಿ ಚೆನ್ನಾಗಿ ಬರುತ್ತದೆ. ಆ 3 ಹಾಳೆಗಳ ನಕಲನ್ನು ಅವರ ಮುಂದೆ ಇಟ್ಟ ದಿನ ಬಹಳ ಹೊತ್ತು ನೋಡಿದರು, ಏನೂ ಅನ್ನಲಿಲ್ಲ. ಮೊನ್ನೆ ಫೋನ್ ಮಾಡಿ ಚಂದಗಡಕ್ಕೆ ಯಾವಾಗ ಹೊರಡೋದು ಅಂತ ಕೇಳಿದರು. ದೀಪಾವಳಿ ಮುಗಿಸಿಕೊಂಡು ಹೊರಡುತ್ತೇವೆ.