ಒಂದೇ ಥ್ರೆಡ್‌ನಲ್ಲಿ ಹಲವು ಡೌನ್‌ಲೋಡ್: ಲಿಬ್‌ಕರ್ಲ್ ಮಲ್ಟಿ ಬಳಸಿದ ನನ್ನ ಅನುಭವ

ಇನ್ನೂರರಷ್ಟು ಫೈಲ್‌ಗಳನ್ನು ಬೇರೆ ಬೇರೆ ಸರ್ವರ್‌ಗಳಿಂದ ಇಳಿಸಿಕೊಳ್ಳಬೇಕಾಗಿದ್ದ ಒಂದು ಸಿ ಪ್ರೋಗ್ರಾಮನ್ನು ನಾನು ಮೊದಲು, ನೆಟ್‌ವರ್ಕ್ ಮೂಲಕ ಫೈಲ್ ವರ್ಗಾಯಿಸುವ ಲೈಬ್ರರಿಯಾದ ಲಿಬ್‌ಕರ್ಲ್‌ನ ಈಸಿ ಇಂಟರ್‌ಫೇಸ್‌ನಲ್ಲಿ ಬರೆದಿದ್ದೆ. ಕರ್ಲ್_ಈಸಿ_ಪರ್ಫಾರ್ಮ್ ಅನ್ನು ಕರೆದರೆ ಫೈಲ್ ಪೂರ್ತಿ ಬರುವವರೆಗೆ ಅಥವಾ ಪ್ರಯತ್ನ ವಿಫಲವಾಗುವವರೆಗೆ ಅದು ಮರಳುವುದೇ ಇಲ್ಲವಾದ್ದರಿಂದ, ನಿಧಾನಗತಿಯ ಒಂದು ಸರ್ವರ್ ತನ್ನ ಹಿಂದಿದ್ದ ಸಾಲನ್ನೆಲ್ಲ ತಡೆದು ನಿಲ್ಲಿಸುತ್ತಿತ್ತು. ಫೈಲ್‌ಗೊಂದು ಥ್ರೆಡ್ (ಪ್ರೋಗ್ರಾಮಿನೊಳಗೆ ಸಮಾನಾಂತರವಾಗಿ ಸಾಗುವ ಕೆಲಸದ ಎಳೆ) ಹುಟ್ಟುಹಾಕುವ ದಾರಿಯೂ ಇತ್ತು. ಆದರೆ ಇಲ್ಲಿ ಪ್ರೋಸೆಸರ್‌ಗೆ ಕೆಲಸ ಕಡಿಮೆ, ಬಹುಪಾಲು ಸಮಯ ಕಾಯುವುದರಲ್ಲೇ ಹೋಗುತ್ತದೆ. ಬರೀ ಕಾಯುವುದಕ್ಕೆಂದು ಇನ್ನೂರು ಥ್ರೆಡ್‌ಗಳನ್ನು ಸಾಕುವುದು ನನಗೆ ಸರಿ ಕಾಣಲಿಲ್ಲ. ಹಾಗಾಗಿ ಒಂದೇ ಥ್ರೆಡ್‌ನಲ್ಲಿ ಹಲವು ವರ್ಗಾವಣೆಗಳನ್ನು ನಡೆಸುವ ಮಲ್ಟಿ ಇಂಟರ್‌ಫೇಸ್‌ಗೆ ಬಂದೆ.

ಇದರ ರಚನೆ ಸರಳವಾಗಿದೆ. ಪ್ರತಿ ವರ್ಗಾವಣೆಗೂ ಎಂದಿನಂತೆ ಅದರ ವಿವರಗಳನ್ನು ಹಿಡಿದಿಡುವ ಒಂದು ಈಸಿ ಹ್ಯಾಂಡಲ್ ಮಾಡಿ, ಅವನ್ನೆಲ್ಲ ಒಂದು ಮಲ್ಟಿ ಹ್ಯಾಂಡಲ್‌ಗೆ ಸೇರಿಸಿ, ಕರ್ಲ್_ಮಲ್ಟಿ_ಪರ್ಫಾರ್ಮ್ ಅನ್ನು ಲೂಪ್‌ನಲ್ಲಿ ಕರೆಯುತ್ತ ಹೋಗಬೇಕು. ಅದು ಆ ಕ್ಷಣಕ್ಕೆ ಸಿದ್ಧವಿರುವ ಸಾಕೆಟ್‌ಗಳ (ನೆಟ್‌ವರ್ಕ್ ಸಂಪರ್ಕದ ತುದಿಗಳ) ಕೆಲಸವನ್ನಷ್ಟೇ ಮಾಡಿ, ಇನ್ನೂ ಎಷ್ಟು ವರ್ಗಾವಣೆಗಳು ಬಾಕಿ ಇವೆ ಎಂಬ ಎಣಿಕೆಯನ್ನು ಕೊಟ್ಟು ಕೂಡಲೇ ಮರಳುತ್ತದೆ. ಹಾಗೆ ಕೂಡಲೇ ಮರಳುವುದರ ಪರಿಣಾಮ ಏನೆಂದು ನನಗೆ ಮನವರಿಕೆಯಾದದ್ದು ಪ್ರೋಸೆಸರ್ ಬಳಕೆ ತೋರಿಸುವ ಟಾಪ್ ತೆರೆದು ನೋಡಿದಾಗ: ನೆಟ್‌ವರ್ಕ್‌ನಿಂದ ಬೈಟ್‌ಗಳು ಹನಿಹನಿಯಾಗಿ ಬರುತ್ತಿದ್ದರೂ ಒಂದು ಕೋರ್ 100% ದುಡಿಯುತ್ತಿತ್ತು. ಏನೂ ಸಿದ್ಧವಿಲ್ಲದಿದ್ದಾಗಲೂ ನನ್ನ ಲೂಪ್ ಸುತ್ತುತ್ತಲೇ ಇತ್ತು.

ಕಾಯುವುದಕ್ಕೆ ಮೂರು ದಾರಿಗಳಿದ್ದವು. ಸೆಲೆಕ್ಟ್ ಜೊತೆಗೆ ಬಳಸುವ ಹಳೆಯ ಎಫ್‌ಡಿಸೆಟ್ ದಾರಿಯಲ್ಲಿ, ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 1024 ಅಥವಾ ಅದಕ್ಕಿಂತ ದೊಡ್ಡ ಸಂಖ್ಯೆಯ ಡಿಸ್ಕ್ರಿಪ್ಟರ್‌ಗಳಿಗೆ (ತೆರೆದ ಫೈಲ್ ಅಥವಾ ಸಾಕೆಟ್‌ನ ಸಂಖ್ಯೆಗಳಿಗೆ) ಜಾಗವಿಲ್ಲ. ಕರ್ಲ್_ಮಲ್ಟಿ_ವೇಟ್ ಆ ಮಿತಿಯನ್ನು ದಾಟಿತು, ಆದರೆ ಕಾಯಲು ಯಾವ ಸಾಕೆಟ್ಟೂ ಇಲ್ಲದಿದ್ದಾಗ ಅದು ತಕ್ಷಣ ಮರಳುವುದರಿಂದ ಲೂಪ್ ಮತ್ತೆ ಬರಿದೆ ಸುತ್ತುತ್ತದೆ. 2019ರಲ್ಲಿ 7.66.0 ಆವೃತ್ತಿಯೊಂದಿಗೆ ಬಂದ ಕರ್ಲ್_ಮಲ್ಟಿ_ಪೋಲ್‌ನಲ್ಲಿ ಈ ತೊಡಕಿಲ್ಲ. ಅದಕ್ಕೆ 1000 ಮಿಲಿಸೆಕೆಂಡ್ ಗಡುವು ಕೊಟ್ಟೆ. ಲೈಬ್ರರಿಯ ಒಳಗಿನ ಟೈಮರ್‌ಗೆ ಅದಕ್ಕೂ ಮೊದಲೇ ಕೆಲಸವಿದ್ದರೆ ಅದು ತಾನೇ ಬೇಗ ಎಚ್ಚರಗೊಳ್ಳುತ್ತದೆ.

ಇನ್ನೂರನ್ನೂ ಒಟ್ಟಿಗೆ ಸೇರಿಸದೆ, ಹತ್ತನ್ನು ಓಡಿಸಿ, ಒಂದು ಮುಗಿದಂತೆ ಸರದಿಯಿಂದ ಇನ್ನೊಂದನ್ನು ಸೇರಿಸುವಂತೆ ಬರೆದೆ. ನನ್ನನ್ನು ಹೆಚ್ಚು ಕಾಡಿದ ದೋಷ ಹುಟ್ಟಿದ್ದು ಇಲ್ಲಿಯೇ. ಕೆಲವು ಸಲ ಪ್ರೋಗ್ರಾಂ ಯಾವ ದೋಷವನ್ನೂ ವರದಿ ಮಾಡದೆ, ಕೊನೆಯ ಕೆಲವು ಫೈಲ್‌ಗಳನ್ನು ಬಿಟ್ಟು ಮುಗಿದುಬಿಡುತ್ತಿತ್ತು. ಲೂಪ್‌ನ ಷರತ್ತು ಪರ್ಫಾರ್ಮ್ ಕೊಟ್ಟ ಎಣಿಕೆಯನ್ನು ಮಾತ್ರ ನಂಬಿತ್ತು. ನಡೆಯುತ್ತಿದ್ದವೆಲ್ಲ ಒಂದೇ ಸುತ್ತಿನಲ್ಲಿ ಮುಗಿದರೆ ಆ ಎಣಿಕೆ ಸೊನ್ನೆಯಾಗುತ್ತದೆ. ಅದರ ನಂತರ ನಾನು ಹೊಸ ಹ್ಯಾಂಡಲ್ ಸೇರಿಸಿದರೂ, ಮುಂದಿನ ಪರ್ಫಾರ್ಮ್ ಕರೆಯವರೆಗೆ ಎಣಿಕೆ ಬದಲಾಗುವುದಿಲ್ಲ, ಅಷ್ಟರಲ್ಲಿ ಲೂಪ್ ನಿಂತಿರುತ್ತದೆ. ಸೇರಿಸಿದ್ದೆಷ್ಟು, ಮುಗಿದದ್ದೆಷ್ಟು ಎಂಬ ಲೆಕ್ಕವನ್ನು ನಾನೇ ಇಟ್ಟುಕೊಂಡು ಷರತ್ತನ್ನು ಅದರ ಮೇಲೆ ನಿಲ್ಲಿಸಿದ ಮೇಲೆ ಈ ದೋಷ ಮರುಕಳಿಸಲಿಲ್ಲ.

ಮುಗಿದ ವರ್ಗಾವಣೆಗಳ ಸುದ್ದಿ ಕರ್ಲ್_ಮಲ್ಟಿ_ಇನ್ಫೋ_ರೀಡ್ ಮೂಲಕ ಬರುತ್ತದೆ. ಯಾವ ಹ್ಯಾಂಡಲ್ ಯಾವ ಫೈಲ್‌ನದು ಎಂದು ಹುಡುಕುವ ಬದಲು, ವಿಳಾಸ, ಫೈಲ್ ಪಾಯಿಂಟರ್, ಎಷ್ಟನೆಯ ಪ್ರಯತ್ನ ಎಂಬುದೆಲ್ಲ ಇರುವ ಒಂದು ಸ್ಟ್ರಕ್ಟನ್ನು ಪ್ರತಿ ಹ್ಯಾಂಡಲ್‌ಗೂ ಕರ್ಲ್‌ಆಪ್ಟ್_ಪ್ರೈವೇಟ್ ಮೂಲಕ ಅಂಟಿಸಿದೆ. ಇಲ್ಲಿ ನಾನು ಇನ್ನೊಂದು ತಪ್ಪು ಮಾಡಿದ್ದೆ: ಹ್ಯಾಂಡಲನ್ನು ಮಲ್ಟಿಯಿಂದ ತೆಗೆದ ನಂತರ ಸಂದೇಶದೊಳಗಿನ ಫಲಿತಾಂಶವನ್ನು ಓದುತ್ತಿದ್ದೆ. ಹ್ಯಾಂಡಲ್ ತೆಗೆದ ಮೇಲೆ ಆ ಸಂದೇಶದ ಪಾಯಿಂಟರ್ ಸಿಂಧುವಲ್ಲ. ನನ್ನ ಯಂತ್ರದಲ್ಲಿ ಅದು ಬಹುತೇಕ ಸರಿಯಾದ ಉತ್ತರವನ್ನೇ ಕೊಡುತ್ತಿದ್ದುದರಿಂದ, ಮೆಮೊರಿ ದೋಷಗಳನ್ನು ಪತ್ತೆಮಾಡುವ ವಾಲ್‌ಗ್ರೈಂಡ್ ಹೇಳುವವರೆಗೆ ನನಗೆ ಗೊತ್ತೇ ಆಗಲಿಲ್ಲ. ಈಗ ಫಲಿತಾಂಶವನ್ನೂ ಹ್ಯಾಂಡಲನ್ನೂ ಮೊದಲು ಸ್ಥಳೀಯ ಚರಗಳಿಗೆ ನಕಲಿಸಿ, ಆಮೇಲೆ ತೆಗೆಯುತ್ತೇನೆ.

ಫಲಿತಾಂಶ ಸರಿಯೆಂದು ಬಂದರೂ ಎಚ್‌ಟಿಟಿಪಿ ಸಂಕೇತವನ್ನು ಬೇರೆಯಾಗಿಯೇ ಕೇಳಬೇಕು, ಇಲ್ಲದಿದ್ದರೆ 404ರ ಪುಟವೇ ಫೈಲ್ ಆಗಿ ಉಳಿಯುತ್ತದೆ. ಸಂಪರ್ಕಕ್ಕೆ ಲೈಬ್ರರಿ ತಾನಾಗಿ ಕೊಡುವ ಗಡುವು 300 ಸೆಕೆಂಡ್. ನಾನು ಅದನ್ನು 15ಕ್ಕೆ ಇಳಿಸಿದೆ. ಒಟ್ಟು ಸಮಯಕ್ಕೆ ಮಿತಿ ಹಾಕಿದರೆ ದೊಡ್ಡ ಫೈಲ್‌ಗಳಿಗೆ ಅನ್ಯಾಯವಾಗುತ್ತದೆ. ಆದ್ದರಿಂದ 30 ಸೆಕೆಂಡ್‌ಗಳ ಕಾಲ ವೇಗ ತೀರಾ ಕುಸಿದಿದ್ದರೆ ಮಾತ್ರ ವರ್ಗಾವಣೆಯನ್ನು ಕೈಬಿಡುವಂತೆ ಮಾಡಿದೆ.

ಇಷ್ಟಾದ ಮೇಲೂ ಒಂದು ಯಂತ್ರದಲ್ಲಿ ಪರ್ಫಾರ್ಮ್ ಆಗಾಗ ಕೆಲವು ಸೆಕೆಂಡ್ ಸ್ತಬ್ಧವಾಗುತ್ತಿತ್ತು. ಅಲ್ಲಿದ್ದ ಲಿಬ್‌ಕರ್ಲ್ ಅನ್ನು ಸರ್ವರ್ ಹೆಸರನ್ನು ಥ್ರೆಡ್ ತಡೆಯದೆ ಹುಡುಕುವ ಸಿ-ಏರ್ಸ್ ಆಗಲಿ ಥ್ರೆಡೆಡ್ ರಿಸಾಲ್ವರ್ ಆಗಲಿ ಇಲ್ಲದೆ ಬಿಲ್ಡ್ ಮಾಡಲಾಗಿತ್ತು. ಹಾಗಾದಾಗ ಹೆಸರಿನಿಂದ ಐಪಿ ವಿಳಾಸ ಹುಡುಕುವ ಹಂತ ಇಡೀ ಥ್ರೆಡ್ಡನ್ನೇ ತಡೆಯುತ್ತದೆ. ಥ್ರೆಡೆಡ್ ರಿಸಾಲ್ವರ್ ಸೇರಿಸಿ ಮರುಬಿಲ್ಡ್ ಮಾಡಿದೆ. ಈಗ ಪ್ರೋಗ್ರಾಂ ಆರಂಭವಾಗುತ್ತಿದ್ದಂತೆ ಕರ್ಲ್_ವರ್ಷನ್_ಇನ್ಫೋ ಕೇಳಿ, ಅಸಿಂಕ್ ಡಿಎನ್‌ಎಸ್ (ಹೀಗೆ ತಡೆಯದೆ ಹೆಸರು ಹುಡುಕುವ ಸೌಲಭ್ಯ) ಇಲ್ಲದಿದ್ದರೆ ಲಾಗ್‌ನಲ್ಲಿ ಎಚ್ಚರಿಕೆ ಬರೆಯುತ್ತದೆ.