ಮೂರು ಡ್ರಾಯರ್‌ಗೆ ಎರಡು ಸಲ ಬಣ್ಣ ಬಳಿದೆ

ಮನೆಯಲ್ಲಿ ಮೂರು ಡ್ರಾಯರ್‌ನ ಒಂದು ಕಪಾಟಿತ್ತು. ಅಗ್ಗದ್ದು. ಡಬ್ಬದಲ್ಲಿ ಬಿಡಿಬಿಡಿಯಾಗಿ ಬಂದಿದ್ದನ್ನು ನಾನೇ ಜೋಡಿಸಿದ್ದೆ. ಒಳಗೆ ಪಾರ್ಟಿಕಲ್ ಬೋರ್ಡ್ (ಮರದ ಹೊಟ್ಟಿಗೆ ಅಂಟು ಬೆರೆಸಿ ಒತ್ತಿ ಮಾಡಿದ ಹಲಗೆ), ಮೇಲೆ ಮರದ ಹಾಗೆ ಕಾಣುವ ತೆಳು ಲ್ಯಾಮಿನೇಟ್. ಮರದ ಹಾಗೆ ಅಂದೆ, ಆದರೆ ಆ ಕಿತ್ತಳೆ ಬಣ್ಣದ ಮರ ನಾನಂತೂ ಎಲ್ಲೂ ನೋಡಿಲ್ಲ. ಬಿಸಾಕೋಣ ಅಂದರೆ ಗಟ್ಟಿಯಾಗೇ ಇದೆ, ಇಟ್ಟುಕೊಳ್ಳೋಣ ಅಂದರೆ ಕಣ್ಣಿಗೆ ಚುಚ್ಚುತ್ತದೆ. ಬಣ್ಣ ಬಳಿದು, ಹಿಡಿ ಬದಲಾಯಿಸಿ, ಕೆಳಗೆ ಕಾಲು ಹಾಕೋಣ ಅಂತ ಹೊರಟೆ.

ಮೊದಲ ಸಲ ಪೂರ್ತಿ ಕೆಡಿಸಿದೆ. ಬಟ್ಟೆಯಲ್ಲಿ ಸುಮ್ನೆ ಒರೆಸಿ ನೇರವಾಗಿ ಬಣ್ಣ ಹಚ್ಚಿಬಿಟ್ಟೆ. ಸಂಜೆಗೆ ಎಷ್ಟು ಚೆನ್ನಾಗಿ ಕಂಡಿತು ಅಂದರೆ ನಾಲ್ಕು ಜನಕ್ಕೆ ಫೋಟೊ ಕಳಿಸಿದೆ. ಮೂರನೇ ದಿನ ಬೀಗದ ಕೈ ತಾಗಿ ಒಂದು ಗೀರು ಬಿತ್ತು. ಗೀರಿನ ಅಂಚನ್ನು ಉಗುರಲ್ಲಿ ಎತ್ತಿದೆ ನೋಡಿ, ಬೆರಳಿಗೆ ಅಂಟಿ ಒಣಗಿದ ಗೋಂದು ಸುಲಿದು ಬರುವ ಹಾಗೆ ಅಂಗೈಯಗಲ ಬಣ್ಣ ಎದ್ದು ಬಂತು. ಮರವಾದರೆ ಬಣ್ಣವನ್ನು ಒಂದಿಷ್ಟು ಕುಡಿಯುತ್ತದೆ. ಲ್ಯಾಮಿನೇಟ್ ಕುಡಿಯುವುದಿಲ್ಲ, ಅದು ನುಣ್ಣನೆ ಪ್ಲಾಸ್ಟಿಕ್ ಇದ್ದ ಹಾಗೆ. ಹಿಡಿದುಕೊಳ್ಳಲು ಬಣ್ಣಕ್ಕೆ ಜಾಗವೇ ಇರಲಿಲ್ಲ.

ಎಲ್ಲಾ ಕೆರೆದು ತೆಗೆದು ಮತ್ತೆ ಶುರು ಮಾಡಿದೆ. ಈ ಸಲ ಡ್ರಾಯರ್‌ಗಳನ್ನು ಹೊರಗೆಳೆದು ಹಿಂಬದಿಗೆ ಪೆನ್ಸಿಲ್‌ನಲ್ಲಿ 1, 2, 3 ಅಂತ ಬರೆದೆ. ನೋಡಲು ಮೂರೂ ಒಂದೇ ಥರ ಇದ್ದರೂ ಅದಲುಬದಲಾದರೆ ಸರಿಯಾಗಿ ಜಾರುವುದಿಲ್ಲ. ಆಮೇಲೆ ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ಜಿಡ್ಡೆಲ್ಲಾ ಒರೆಸಿದೆ. ಹಿಂಡುವುದು ಮುಖ್ಯ, ಯಾಕೆಂದರೆ ಪಾರ್ಟಿಕಲ್ ಬೋರ್ಡಿನೊಳಗೆ ನೀರು ಹೋದರೆ ಊದಿಕೊಳ್ಳುತ್ತದೆ, ಒಣಗಿದರೂ ಮೊದಲಿನಂತೆ ಆಗುವುದಿಲ್ಲ.

ನಂತರ 220 ನಂಬರಿನ ಸ್ಯಾಂಡ್ ಪೇಪರ್. ಲ್ಯಾಮಿನೇಟ್ ಕಿತ್ತುಹಾಕಬೇಕಾಗಿಲ್ಲ, ಅದರ ಹೊಳಪು ಸತ್ತರೆ ಸಾಕು. ಹುರುಪಿನಲ್ಲಿ ಒಂದು ಮೂಲೆಯನ್ನು ಜಾಸ್ತಿ ಉಜ್ಜಿ ಒಳಗಿನ ಹೊಟ್ಟು ಕಾಣಿಸುವ ತನಕ ಹೋಗಿದ್ದೆ, ಅಲ್ಲಿ ಪುಟ್ಟಿ ಮೆತ್ತಬೇಕಾಯಿತು. ಮಾಸ್ಕ್ ಹಾಕಿಕೊಳ್ಳಿ, ಆ ಧೂಳು ತುಂಬಾ ಸಣ್ಣದು. ಹಲಗೆಯ ಅಂಚಿಗೆ ಅಂಟಿಸಿರುವ ತೆಳು ಪಟ್ಟಿ ಎರಡು ಕಡೆ ಎದ್ದಿತ್ತು. ಅದರ ಮೇಲೆ ಕಾಗದ ಇಟ್ಟು ಹದವಾದ ಬಿಸಿಯಲ್ಲಿ ಇಸ್ತ್ರಿ ಪೆಟ್ಟಿಗೆ ಒತ್ತಿದರೆ ಹಳೇ ಅಂಟೇ ಕರಗಿ ಮತ್ತೆ ಕೂತುಕೊಳ್ಳುತ್ತದೆ. ಇಡೀ ಕೆಲಸದಲ್ಲಿ ನನಗೆ ಅತಿ ಖುಷಿ ಕೊಟ್ಟಿದ್ದು ಇದೇ.

ಹಿಡಿಯ ವಿಷಯದಲ್ಲಿ ಸ್ವಲ್ಪ ಪೇಚಾಡಿದೆ. ಹಳೇ ಹಿಡಿಯ ಎರಡು ತೂತುಗಳ ನಡುವೆ 96 ಮಿಲಿಮೀಟರ್, ನಾನು ಆಸೆಪಟ್ಟು ತಂದಿದ್ದು 128ರದ್ದು. ಹಿಡಿಗಳ ಅಳತೆ ಹೆಚ್ಚಾಗಿ 32ರ ಲೆಕ್ಕದಲ್ಲೇ ಏರುತ್ತದೆ, ಕೊಳ್ಳುವ ಮೊದಲು ಅಳೆದಿದ್ದರೆ ಅರ್ಧ ದಿನ ಉಳಿಯುತ್ತಿತ್ತು. ಹಳೇ ತೂತಿಗೆ ಪುಟ್ಟಿ ತುಂಬಿದೆ. ಒಣಗಿದಾಗ ಅದು ಕುಗ್ಗಿ ಗುಳಿ ಬೀಳುತ್ತದೆ, ಹಾಗಾಗಿ ಇನ್ನೊಂದು ಸಲ ತುಂಬಿ ಉಜ್ಜಿದೆ. ಹೊಸ ತೂತಿಗೆ ರಟ್ಟಿನಲ್ಲಿ ಒಂದು ಅಚ್ಚು ಕತ್ತರಿಸಿಕೊಂಡು ಮೂರಕ್ಕೂ ಅದನ್ನೇ ಇಟ್ಟು ಗುರುತು ಮಾಡಿದೆ, ಮುಂದೆ ಟೇಪ್ ಅಂಟಿಸಿ, ಹಿಂದೆ ಒಂದು ಮರದ ತುಂಡು ಒತ್ತಿ ಹಿಡಿದು ಕೊರೆದೆ. ಹಾಗೆ ಮಾಡದಿದ್ದರೆ ಹಿಂಬದಿ ಚಕ್ಕೆ ಏಳುತ್ತದೆ. ಇದನ್ನೆಲ್ಲಾ ಬಣ್ಣಕ್ಕೆ ಮೊದಲೇ ಮುಗಿಸಬೇಕು.

ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಬಳಿಯುವ ತಳದ ಕೋಟ್, ತರುವಾಗ ಲ್ಯಾಮಿನೇಟ್‌ಗೆ ಹಿಡಿಯುತ್ತದೆ ಅಂತ ಡಬ್ಬದ ಮೇಲೆ ಬರೆದಿದೆಯಾ ನೋಡಿ, ಗೋಡೆಯ ಪ್ರೈಮರ್ ಇಲ್ಲಿ ನಡೆಯಲ್ಲ. ಒಂದು ಕೋಟ್ ಹಚ್ಚಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಹಿಂಬದಿಯಲ್ಲಿ ಉಗುರಿನಿಂದ ಗೀರಿದೆ, ಏಳಲಿಲ್ಲ. ಅಬ್ಬಾ ಅನ್ನಿಸಿತು! ಮುಂದಿನದು ಸುಲಭ. ನೀರಿನ ಎನಾಮೆಲ್, ಕಡು ಹಸಿರು, ಸಣ್ಣ ಸ್ಪಂಜ್ ರೋಲರ್‌ನಲ್ಲಿ ತೆಳುವಾಗಿ ಮೂರು ಕೋಟ್. ಬ್ರಷ್ ಬರೀ ಮೂಲೆಗಳಿಗೆ. ಡ್ರಾಯರಿನ ಪಕ್ಕಗಳಿಗೆ ಬಣ್ಣ ಹಚ್ಚಬೇಡಿ, ಒಂದಕ್ಕೆ ಹಚ್ಚಿ ಅದು ಸಿಕ್ಕಿಕೊಂಡು ಆಮೇಲೆ ಮೇಣದಬತ್ತಿ ಉಜ್ಜಿ ಬಿಡಿಸಿಕೊಂಡೆ.

ಕಾಲುಗಳನ್ನು ಬೋರ್ಡಿಗೇ ನೇರ ಸ್ಕ್ರೂ ಹಾಕಿದರೆ ನಿಲ್ಲುವುದಿಲ್ಲ, ಪುಡಿಪುಡಿಯಾಗಿ ಸಡಿಲವಾಗುತ್ತದೆ. ತಳಕ್ಕೆ 18 ಮಿಲಿಮೀಟರ್ ಪ್ಲೈವುಡ್ ಅಂಟಿಸಿ ಸ್ಕ್ರೂ ಮಾಡಿ, ಅದರ ಮೇಲೆ ಕಾಲು ಕೂರಿಸಿದೆ. ಈಗ ಕೆಳಗೆ ಪೊರಕೆ ಆಡುತ್ತದೆ. ಆದರೆ ಎತ್ತರವಾದ ಮೇಲೆ ಎರಡು ಡ್ರಾಯರ್ ಒಟ್ಟಿಗೆ ಎಳೆದರೆ ಮುಂದಕ್ಕೆ ವಾಲತೊಡಗಿತು, ಗೋಡೆಗೆ ಎಲ್ ಆಕಾರದ ಪಟ್ಟಿ ಹಾಕಿ ಬಿಗಿದೆ. ಮಕ್ಕಳಿರುವ ಮನೆಯಲ್ಲಿ ಇದನ್ನು ಬಿಡಲೇಬೇಡಿ.

ಒಂದು ತಪ್ಪು ಮಾತ್ರ ಎರಡನೇ ಸಲವೂ ಆಯಿತು. ಬಣ್ಣ ಮುಟ್ಟಿದರೆ ಒಣಗಿದೆ ಅನ್ನಿಸಲು ಒಂದೆರಡು ಗಂಟೆ ಸಾಕು, ಪೂರ್ತಿ ಗಟ್ಟಿಯಾಗಲು ಮೂರು ನಾಲ್ಕು ವಾರ ಬೇಕಾಗುತ್ತದೆ. ತಡೆಯಲಾಗದೆ ನಾಲ್ಕನೇ ದಿನವೇ ಮೇಲೆ ಟೇಬಲ್ ಲ್ಯಾಂಪ್ ಇಟ್ಟೆ. ಎತ್ತಿದಾಗ ದುಂಡಗೆ ಅಚ್ಚು ಬಿದ್ದಿತ್ತು. ಈಗಲೂ ಲ್ಯಾಂಪ್ ಅದೇ ಜಾಗದಲ್ಲಿದೆ, ಧೂಳು ಒರೆಸುವಾಗಲೂ ಸರಿಸುವುದಿಲ್ಲ.