ಸರಣಿಯ ಒಳಸಂಚಿನ ಕಾದಂಬರಿಗೆ ಓದುಗರಾಗಿ ಅಭಿಪ್ರಾಯ ಬರೆಯುವ ಬಗೆ

ಒಳಸಂಚಿನ ಥ್ರಿಲ್ಲರ್ ಓದಿ ಮುಗಿಸಿದ ಕೂಡಲೇ ಬರೆಯುವ ಅಭಿಪ್ರಾಯಗಳು ಹೆಚ್ಚಾಗಿ ‘ಕೆಳಗಿಡಲು ಮನಸ್ಸೇ ಬರಲಿಲ್ಲ’ ಅಥವಾ ‘ಬರೀ ಸುಳ್ಳಿನ ಕಂತೆ’ ಎಂಬ ಎರಡು ಮಾತುಗಳಲ್ಲೇ ಮುಗಿದುಹೋಗುತ್ತವೆ. ಎರಡೂ ಪ್ರಾಮಾಣಿಕವಾಗಿರಬಹುದು; ಆದರೆ ಆ ಪುಸ್ತಕವನ್ನು ಕೊಳ್ಳಬೇಕೇ, ಕೊಳ್ಳುವುದಾದರೆ ಸರಣಿಯನ್ನು ಯಾವುದರಿಂದ ಆರಂಭಿಸಬೇಕು ಎಂದು ಯೋಚಿಸುತ್ತಿರುವವರಿಗೆ ಅವುಗಳಿಂದ ಏನೂ ದೊರೆಯುವುದಿಲ್ಲ. ಡ್ಯಾನ್ ಬ್ರೌನ್ ಅವರ, ರಾಬರ್ಟ್ ಲ್ಯಾಂಗ್ಡನ್ ಎಂಬ ಪ್ರಾಧ್ಯಾಪಕ ನಾಯಕನಾಗಿರುವ ಸರಣಿಯನ್ನು, ಅದರಲ್ಲೂ 2003ರಲ್ಲಿ ಬಂದ ‘ದ ಡಾ ವಿಂಚಿ ಕೋಡ್’ ಕಾದಂಬರಿಯನ್ನು, ಮುಂದಿಟ್ಟುಕೊಂಡು ನೋಡಿದರೆ ಎಲ್ಲಿ ಎಚ್ಚರ ಬೇಕೆಂಬುದು ಚೆನ್ನಾಗಿ ತಿಳಿಯುತ್ತದೆ.

ಮೊದಲು, ಸರಣಿಯಲ್ಲಿ ನೀವು ಯಾವ ಪುಸ್ತಕವನ್ನು ಎಷ್ಟನೆಯದಾಗಿ ಓದಿದಿರಿ ಎಂಬುದನ್ನು ಹೇಳಿಬಿಡಿ. ಲ್ಯಾಂಗ್ಡನ್ ಮೊದಲು ಕಾಣಿಸಿಕೊಂಡದ್ದು 2000ದ ‘ಏಂಜೆಲ್ಸ್ ಅಂಡ್ ಡೀಮನ್ಸ್’ನಲ್ಲಿ, ಆದರೆ ಸಿನಿಮಾಗಳು ಹಿಂದುಮುಂದಾಗಿ, ಎರಡನೆಯ ಕಾದಂಬರಿಯದು 2006ರಲ್ಲೂ ಮೊದಲನೆಯದು 2009ರಲ್ಲೂ ತೆರೆಕಂಡವು. ಅಪರಾತ್ರಿಯ ಕರೆ, ವಿಚಿತ್ರ ಗುರುತು ಹೊತ್ತ ಶವ, ಕೊಲೆಯಾದವರಿಗೆ ಹತ್ತಿರದವಳಾದ ಒಬ್ಬ ಜಾಣೆ, ಹಳೆಯ ನಗರದಲ್ಲಿ ಗಡಿಯಾರದೊಂದಿಗೆ ಓಟ: ಈ ಅಚ್ಚು ಎರಡರಲ್ಲೂ ಇದೆ. ಯಾವುದನ್ನು ಮೊದಲು ಓದಿದರೋ ಅದು ಹೊಸದಾಗಿಯೂ ನಂತರದ್ದು ಹಳಸಿದಂತೆಯೂ ತೋರುವುದು ಸಹಜ. ಆದ್ದರಿಂದ ‘ಅದೇ ಹಳೆಯ ಕಥೆ’ ಎಂದು ಬರೆಯುವಾಗ ‘ನನಗಿದು ಈ ಸರಣಿಯ ಮೂರನೆಯ ಓದು’ ಎಂದು ಸೇರಿಸಿದರೆ ಆ ಟೀಕೆಗೆ ತೂಕ ಬರುತ್ತದೆ.

ಹೆಚ್ಚು ಶ್ರಮ ಬೇಡುವುದು ನಿಜ ಮತ್ತು ಕಲ್ಪನೆಯ ಗಡಿ. ‘ದ ಡಾ ವಿಂಚಿ ಕೋಡ್’ ಕಾದಂಬರಿಯ ಆರಂಭಕ್ಕೂ ಮುನ್ನ ‘ಸತ್ಯಾಂಶ’ ಎಂಬ ಒಂದು ಪುಟವಿದೆ. ಪ್ರಯರಿ ಆಫ್ ಸಯಾನ್ ಎಂಬ ಗುಪ್ತ ಸಂಘ 1099ರಲ್ಲಿ ಸ್ಥಾಪನೆಯಾದ ನಿಜವಾದ ಸಂಸ್ಥೆಯೆಂದೂ, ಕಲಾಕೃತಿ ಮತ್ತು ಕಟ್ಟಡಗಳ ವರ್ಣನೆಗಳೆಲ್ಲ ಖಚಿತವೆಂದೂ ಅದು ಹೇಳುತ್ತದೆ. ಮೊದಲ ಓದಿನಲ್ಲಿ ನಾನು ಆ ಪುಟವನ್ನು ಪೂರ್ತಿ ನಂಬಿದ್ದೆ. ವಾಸ್ತವದಲ್ಲಿ ಆ ಹೆಸರಿನ ಸಂಘವನ್ನು 1956ರಲ್ಲಿ ಫ್ರಾನ್ಸಿನಲ್ಲಿ ನೋಂದಾಯಿಸಿದ್ದು ಪಿಯರ್ ಪ್ಲಾಂತಾರ್ ಮತ್ತು ಸಂಗಡಿಗರು. ಅದರ ಪ್ರಾಚೀನತೆಗೆ ಆಧಾರವೆನ್ನಲಾದ, ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿದ್ದ ಕಾಗದಪತ್ರಗಳು 1960ರ ದಶಕದಲ್ಲಿ ಸೃಷ್ಟಿಸಿ ಅಲ್ಲಿ ಸೇರಿಸಿದ ನಕಲಿಗಳು. ಪ್ಯಾರಿಸ್‌ನ ಲೂವ್ರ್ ವಸ್ತುಸಂಗ್ರಹಾಲಯದ ಪಿರಮಿಡ್ಡಿನಲ್ಲಿ 666 ಗಾಜಿನ ಫಲಕಗಳಿವೆಯೆಂದು ಕಾದಂಬರಿ ಹೇಳಿದರೆ, ವಸ್ತುಸಂಗ್ರಹಾಲಯ ಕೊಡುವ ಲೆಕ್ಕ 673. ಅದೇ ನಗರದ ಸೇಂಟ್ ಸುಲ್ಪೀಸ್ ಚರ್ಚಿನ ನೆಲದಲ್ಲಿರುವ ಹಿತ್ತಾಳೆಯ ಗೆರೆ ಯಾವ ಪ್ರಾಚೀನ ದೇಗುಲದ ಅವಶೇಷವೂ ಅಲ್ಲ, ಕಿಟಕಿಯಲ್ಲಿರುವ ಪಿ ಮತ್ತು ಎಸ್ ಅಕ್ಷರಗಳು ಪ್ರಯರಿ ಆಫ್ ಸಯಾನ್‌ನವಲ್ಲ, ಚರ್ಚಿನ ಪಾಲಕ ಸಂತರಾದ ಪೀಟರ್ ಮತ್ತು ಸುಲ್ಪೀಸರವು ಎಂದು ಚರ್ಚಿನವರೇ ಫಲಕ ಹಾಕಬೇಕಾಯಿತು.

ಇಷ್ಟೆಲ್ಲ ತಿಳಿದ ಮೇಲೆ ಕಾದಂಬರಿಯನ್ನೇ ತಳ್ಳಿಹಾಕಬೇಕೆಂದಲ್ಲ. ಪಾತ್ರವೊಂದು ತಪ್ಪು ಮಾತಾಡಿದರೆ ಅದು ಕಥೆಯ ಸ್ವಾತಂತ್ರ್ಯ. ಲೇಖಕರೇ ಮುನ್ನುಡಿಯ ಜಾಗದಲ್ಲಿ ನಿಂತು ‘ಇದು ನಿಜ’ ಎಂದರೆ ಅದನ್ನು ಪರೀಕ್ಷಿಸುವ ಹಕ್ಕು ಓದುಗರದು. ನಿಮ್ಮ ಆಕ್ಷೇಪ ಯಾವುದರ ಮೇಲೆ ಎಂಬುದನ್ನು ಬಿಡಿಸಿ ಬರೆಯಿರಿ. ಕನ್ನಡದಲ್ಲಿ ಕೆ.ಎನ್. ಗಣೇಶಯ್ಯನವರ ಕಥೆ, ಕಾದಂಬರಿಗಳನ್ನು ಓದಿದವರಿಗೆ ಆಧಾರ ಗ್ರಂಥಗಳನ್ನು ಸೂಚಿಸುವ ಪದ್ಧತಿ ಪರಿಚಿತ. ಅಂಥವರು ಈ ಹೋಲಿಕೆಯನ್ನು ಧಾರಾಳವಾಗಿ ಮಾಡಬಹುದು. ಕಾದಂಬರಿ ಕ್ರೈಸ್ತ ನಂಬಿಕೆಗಳನ್ನು ಕೆಣಕುವುದರಿಂದ ಆಗುವ ಧಾರ್ಮಿಕ ನೋವಿನ ಮಾತನ್ನೂ ಪ್ರತ್ಯೇಕವಾಗಿಯೇ ಹೇಳುವುದು ಒಳ್ಳೆಯದು. 2006ರಲ್ಲಿ ಸಿನಿಮಾ ಬಂದಾಗ ಭಾರತದ ಕೆಲವು ರಾಜ್ಯಗಳು ಅದನ್ನು ನಿಷೇಧಿಸಿದ್ದವು. ಆ ನೋವು ನಿಜವಾದದ್ದು, ಆದರೆ ಗದ್ಯ ಸಪ್ಪೆಯಾಗಿದೆ ಎಂಬ ದೂರಿನೊಂದಿಗೆ ಅದನ್ನು ಬೆರೆಸಿದರೆ ಎರಡೂ ಮಾತು ಕೆಡುತ್ತವೆ.

ಗುಟ್ಟು ಕಾಯುವ ವಿಷಯದಲ್ಲಿ ನಾನು ಕಟ್ಟುನಿಟ್ಟು. ಮೊದಲ ಕಾಲುಭಾಗದಲ್ಲಿ ಬರುವುದನ್ನು ಮಾತ್ರ ಹೇಳಿ. ‘ನಂಬಿದವನೇ ಕೈಕೊಟ್ಟ’ ಎಂದಷ್ಟೇ ಬರೆದರೂ, ಹೆಸರಿಲ್ಲದೆಯೇ, ಮುಂದಿನ ಓದುಗರ ಅನುಮಾನ ಸರಿಯಾದ ಪಾತ್ರದ ಮೇಲೆ ಬೀಳುತ್ತದೆ. ಸರಣಿಯ ಇನ್ನೊಂದು ಪುಸ್ತಕದ ಖಳನೊಂದಿಗೆ ಹೋಲಿಸಿದರೆ ಎರಡು ಪುಸ್ತಕಗಳ ಗುಟ್ಟು ಒಟ್ಟಿಗೆ ಬಯಲಾಗುತ್ತದೆ.

‘ಚೆನ್ನಾಗಿದೆ’ ಎಂಬ ಮಾತಿಗೆ ಕಾರಣ ಪುಟಗಳಲ್ಲೇ ಸಿಗುತ್ತದೆ. ‘ದ ಡಾ ವಿಂಚಿ ಕೋಡ್’ನ ನೂರಕ್ಕೂ ಹೆಚ್ಚು ಅಧ್ಯಾಯಗಳಲ್ಲಿ ಅನೇಕವು ಎರಡು ಮೂರು ಪುಟಗಳವು. ಹಲವು ಬಿಡಿಸದ ಪ್ರಶ್ನೆಯಲ್ಲಿ ನಿಲ್ಲುತ್ತವೆ. ಇದನ್ನೆಲ್ಲ ಗಮನಿಸಿ ಬರೆದ ಅಭಿಪ್ರಾಯ ಹೀಗಿರಬಹುದು: ‘ಈ ಸರಣಿಯಲ್ಲಿ ನಾನು ಓದಿದ ಎರಡನೆಯ ಪುಸ್ತಕ. ಲೂವ್ರ್‌ನಲ್ಲಿ ನಡೆಯುವ ಆರಂಭದ ಅಧ್ಯಾಯಗಳು ಬಿಗಿಯಾಗಿವೆ. ಓಡುವ ನಡುವೆಯೇ ಪಾತ್ರಗಳು ಪಾಠ ಒಪ್ಪಿಸುವಂತೆ ಇತಿಹಾಸ ವಿವರಿಸುವಾಗ ಬೇಸರವಾಯಿತು. ಸತ್ಯಾಂಶದ ಪುಟವನ್ನು ನಂಬಬೇಡಿ, ಕಥೆಯೆಂದೇ ಓದಿ. ಒಗಟು ಬಿಡಿಸುವುದು ಇಷ್ಟವಿದ್ದವರು ಇಲ್ಲಿಂದಲೇ ಆರಂಭಿಸಬಹುದು.’